ಹಿಂದಿನ ಸೀಟಿಗೆ ಮೂವತ್ತು ಅಂಕ

ಇದು ನಡೆದದ್ದೇ. ಅನುಮಾನವಿದ್ದವರು ಮೆಲ್ಬರ್ನ್ ಹತ್ತಿರದ ಜೀಲಾಂಗ್ ಊರಿನ ಯಾವ ಪಬ್ಬಿನಲ್ಲಾದರೂ ಡೆಸ್ಮಂಡನ ಹೆಸರೆತ್ತಲಿ, ಅಲ್ಲಿದ್ದವರು ಬಿಯರ್ ಲೋಟ ಕೆಳಗಿಟ್ಟು ನಗುತ್ತಾರೆ.

ಅವನದು ಹದಿಮೂರು ವರ್ಷ ಹಳೆಯ ಸ್ಟೇಷನ್ ವ್ಯಾಗನ್, ಹಿಂಭಾಗ ಉದ್ದವಿರುವ ಕಾರು. ೧೯೭೭ರ ಜೂನ್-ಜುಲೈ ಚಳಿಗಾಲವಿಡೀ ಮನೆಯ ಶೆಡ್ಡಿನಲ್ಲಿ ಅದಕ್ಕೆ ಸಿಂಗಾರ ಮಾಡಿದ. ನೆಲಕ್ಕೆ ಬೆರಳುದ್ದ ಕೂದಲಿನ ಕಿತ್ತಳೆ ಬಣ್ಣದ ಕಾರ್ಪೆಟ್. ನೆಲ ಮುಗಿದ ಮೇಲೆ ಬಾಗಿಲಿಗೆ, ಬಾಗಿಲಾದ ಮೇಲೆ ಚಾವಣಿಗೆ; ಅಂಟು ಇನ್ನೂ ಉಳಿದಿದೆಯಲ್ಲ ಎಂದು ಸ್ಟಿಯರಿಂಗಿಗೂ. ಒಳಗೆ ಕೂತರೆ ಯಾವುದೋ ಪ್ರಾಣಿ ತನ್ನನ್ನು ನುಂಗಿದಂತೆ ಹೆಂಡತಿ ಗ್ಲೆನಿಸ್‌ಗೆ ಅನಿಸುತ್ತಿತ್ತು. ಹೊರಗೆಲ್ಲ ನೇರಳೆ ಬಣ್ಣ, ಪಕ್ಕದಲ್ಲಿ ರೆಕ್ಕೆ ಬಿಚ್ಚಿದ ಹದ್ದಿನ ಚಿತ್ರ.

"ಈ ಕೋಳಿಗೇನಾಗಿದೆ, ನೆಗಡೀನಾ?"

"ಹದ್ದು ಕಣೇ ಅದು!"

"ಹಾಗಂತ ಅದಕ್ಕೆ ಗೊತ್ತಾ?"

ಕೋಳಿಯನ್ನು ಅವಳು ಸಹಿಸಬಲ್ಲಳು. ಆದರೆ ಆ ಪುಣ್ಯಾತ್ಮ ಹಿಂದಿನ ಸೀಟನ್ನು ಕಿತ್ತು ಶೆಡ್ಡಿನ ಮೂಲೆಗೆಸೆದು, ಆ ಜಾಗದಲ್ಲಿ ಮಖಮಲ್ಲಿನ ಹಾಸಿಗೆ ಹಾಕಿ, ಮೇಲೊಂದು ಕನ್ನಡಿ ಕೂರಿಸಿದ್ದ. ಪ್ರತಿ ಕ್ರಿಸ್‌ಮಸ್ಸಿಗೂ ಅವಳ ತಾಯಿ ಮೇವಿಸ್ ಅದೇ ಸೀಟಿನಲ್ಲಿ ಕೂತು ಲೋರ್ನ್ ಕಡಲತೀರಕ್ಕೆ ಬರುತ್ತಿದ್ದರು. ಮೊಣಕಾಲು ಸೋತ ಹೆಂಗಸು, ಬಸ್ಸು ಹತ್ತಲಾರರು.

"ಅಮ್ಮ ಎಲ್ಲಿ ಕೂತ್ಕೋಬೇಕೋ?"

"ಮಲಗಲಿ. ಹಾಸಿಗೆ ಇದೆಯಲ್ಲ."

"ನಮ್ಮಮ್ಮನ್ನ ಹೆಣದ ಥರ ಸಾಗಿಸ್ತೀಯಾ?"

"ಶೋ ಮುಗೀಲಿ ಮಾರಾಯ್ತಿ, ಆಮೇಲೆ ನೋಡೋಣ."

ಶೋ ಎಂದರೆ ಡಿಸೆಂಬರಿನ ಮೊದಲ ಭಾನುವಾರ ಫುಟ್‌ಬಾಲ್ ಮೈದಾನದಲ್ಲಿ ನಡೆಯುವ ಸಿಂಗಾರದ ಗಾಡಿಗಳ ಸ್ಪರ್ಧೆ. ಡೆಸ್ಮಂಡನ 'ಆಮೇಲೆ' ಎಂದರೆ ಎಂದೂ ಇಲ್ಲ.

ಪಕ್ಕದ ಮನೆಯ ಲೆಸ್ಟರ್, ಪಾದ್ರಿಯ ಕೆಮ್ಮಿನಿಂದ ಹಿಡಿದು ಕುದುರೆ ರೇಸಿನ ರೇಡಿಯೋದವರ ತನಕ ಯಾರ ದನಿಯನ್ನಾದರೂ ತೆಗೆಯಬಲ್ಲವನು. ಗ್ಲೆನಿಸ್ ಅವನ ಅಡುಗೆಮನೆಗೆ ಹೋಗಿ ದೂರು ಹೇಳಿಕೊಂಡಳು. ಅವನು ಮೂಗು ಹಿಡಿದುಕೊಂಡು ಫೋನ್ ತಿರುಗಿಸಿದ.

"ಮಿಸ್ಟರ್ ಡೆಸ್ಮಂಡ್? ಮೆಲ್ಬರ್ನಿಂದ ಮುಖ್ಯ ತೀರ್ಪುಗಾರ. ಹಾಸಿಗೆ, ಕನ್ನಡಿ ಎಲ್ಲ ಹಳೇದಾಯ್ತು ಸ್ವಾಮಿ, ನೋಡಿ ನೋಡಿ ಕಣ್ಣು ನೋಯುತ್ತೆ. ಈ ಸಲ ಮೂವತ್ತು ಅಂಕ ಹಿಂದಿನ ಸೀಟಿಗೆ. ಗಾಡಿ ಜೊತೆ ಬಂದಿದ್ದೇ ಆಗಬೇಕು... ಖಾಲಿ ಸೀಟಿಗಾ? ಅರ್ಧ ಅಂಕ. ವಯಸ್ಸಾದ ಹೆಂಗಸೊಬ್ಬರು ಕೂತಿರ್ಬೇಕು. ಹೆಂಡತಿ ತಾಯಿ ಆದ್ರೆ ಉತ್ತಮ. ಯಾರಿಗೂ ಹೇಳ್ಬೇಡಿ."

ಗ್ಲೆನಿಸ್ ಪಾತ್ರೆ ಒರೆಸುವ ಬಟ್ಟೆಯನ್ನು ಬಾಯಿಗೆ ತುರುಕಿಕೊಂಡಳು. ಅವಳು ಮನೆಗೆ ಬರುವಷ್ಟರಲ್ಲಿ ಡೆಸ್ಮಂಡ್ ಸ್ಪಾನರ್ ಹಿಡಿದು ಗಾಡಿಯೊಳಗೆ ಅಂಗಾತ ಬಿದ್ದಿದ್ದ.

"ಏನೋ ಇದು?"

"ಅಮ್ಮನ ಮೊಣಕಾಲು ನೆನಪಾಯ್ತು ಕಣೇ. ಮನಸ್ಸು ತಡೀಲಿಲ್ಲ."

ಆ ಸೀಟಿಗೂ ಕಿತ್ತಳೆ ಕಾರ್ಪೆಟ್ ಅಂಟಿಸಿದ ಎಂದು ಬೇರೆ ಹೇಳಬೇಕಾಗಿಲ್ಲ.

ಭಾನುವಾರ ಮೇವಿಸ್ ಹ್ಯಾಟ್ ಹಾಕಿಕೊಂಡು, ಹೆಣಿಗೆ ಹಿಡಿದು ಬಂದು ಕೂತರು. "ಡೆಸ್ಮಂಡ್, ಈ ಸೀಟು ಚುಚ್ಚುತ್ತೆ ಕಣಪ್ಪ."

"ಚುಚ್ಚಲಿ ಅಮ್ಮ. ನೀವು ನಗ್ತಾ ಇರಿ."

ಮೈದಾನದ ಗೇಟು ದಾಟಿದ್ದೇ ಗ್ಲೆನಿಸ್ ಕಿಟಕಿಯಿಂದ ತಲೆ ಹೊರಹಾಕಿದಳು. ಸಾಲಾಗಿ ನಿಂತ ಪ್ರತಿ ಗಾಡಿಯ ಹಿಂದೆಯೂ ಒಬ್ಬೊಬ್ಬ ಮುದುಕಿ! ಹಸಿರು ವ್ಯಾನಿನವನು ಯಾವುದಕ್ಕೂ ಇರಲಿ ಎಂದು ಇಬ್ಬರನ್ನು ತುಂಬಿದ್ದ. ಸೀಟು ಸಿಗದ ಇನ್ನೊಬ್ಬ, ತನ್ನ ಅತ್ತೆಯನ್ನು ಅಡುಗೆಮನೆ ಕುರ್ಚಿಯಲ್ಲಿ ಕೂರಿಸಿ ಹಗ್ಗ ಬಿಗಿದಿದ್ದ. ತಮಾಷೆ ನೋಡಲು ಬಂದಿದ್ದ ಲೆಸ್ಟರ್ ಗ್ಲೆನಿಸ್ ಕಿವಿಯಲ್ಲಿ ಪಿಸುಗುಟ್ಟಿದ: "ಆಣೆಗೂ ನಾನು ಮಾಡಿದ್ದು ಒಂದೇ ಫೋನು!"

"ಡೆಸ್, ಯಾರಿಗೆ ಹೇಳ್ದೆ?" ಎಂದಳು ಅವಳು ಗಂಡನತ್ತ ತಿರುಗಿ.

"ನನ್ ಜೊತೆ ಸ್ಪರ್ಧೆಗೆ ನಿಂತಿರೋ ವಾರ್ವಿಕ್ ಒಬ್ಬನಿಗೇ. ಅವನ ಅತ್ತೆ ಸತ್ತು ಎರಡು ವರ್ಷ ಆಯ್ತಲ್ಲ, ಹೊಟ್ಟೆ ಉರ್ಕೊಳ್ಲಿ ಅಂತ."

ವಾರ್ವಿಕ್‌ನ ಗಾಡಿಯಲ್ಲಿ ಅವನ ಮನೆ ಮಾಲಕಿ ಕೂತು ಸ್ಯಾಂಡ್‌ವಿಚ್ ತಿನ್ನುತ್ತಿದ್ದಳು.

ನಿಜವಾದ ತೀರ್ಪುಗಾರ ಬಂದ, ನೋಡಿದ, ಪೆನ್ನು ಜೇಬಿಗಿಟ್ಟ. "ಏನ್ರಯ್ಯಾ, ವೃದ್ಧಾಶ್ರಮದ ಪಿಕ್ನಿಕ್ಕಾ?"

"ಹಿಂದಿನ ಸೀಟಿಗೆ ಮೂವತ್ತು ಅಂಕ ಅಲ್ವಾ ಸಾರ್?" ಎಂದ ಡೆಸ್ಮಂಡ್.

"ಯಾರು ಹೇಳಿದ್ದು?"

"ನಾನೇ ಸ್ವಾಮಿ, ಮೆಲ್ಬರ್ನಿಂದ," ಎಂದಿತು ಬೆನ್ನ ಹಿಂದೆ ಒಂದು ಮೂಗಿನ ದನಿ.

ಡೆಸ್ಮಂಡನ ಮುಖ ಅವನ ಗಾಡಿಯ ಬಣ್ಣಕ್ಕೆ ತಿರುಗಿತು. ಲೆಸ್ಟರ್‌ನನ್ನು ನೋಡಿದ, ಹೆಂಡತಿಯನ್ನು ನೋಡಿದ.

"ಏನು, ಸೀಟು ಕೀಳ್ತೀಯಾ ಈಗ?" ಎಂದಳು ಗ್ಲೆನಿಸ್.

"ಹೇಗೇ ಕೀಳ್ಲಿ? ಬೋಲ್ಟುಗಳ ಮೇಲೂ ಕಾರ್ಪೆಟ್ ಅಂಟಿಸಿಬಿಟ್ಟಿದೀನಲ್ಲ! ಕ್ರಿಸ್‌ಮಸ್ಸಿಗಲ್ಲ, ಪ್ರಳಯಕ್ಕೂ ಬಿಚ್ಚಲ್ಲ ಅದು."

ಆಚೆ ವಾರ್ವಿಕ್ ಏನೂ ತಿಳಿಯದೆ ಮಾಲಕಿಯ ಕಾಲರ್ ಸರಿಮಾಡುತ್ತಿದ್ದ. ಡೆಸ್ಮಂಡ್ ಅದನ್ನು ಕಂಡ. ಹದ್ದಿನ ಮೇಲೆ ಎರಡೂ ಕೈ ಊರಿ ಬಗ್ಗಿ, ಅಷ್ಟೂ ಗಾಡಿಗಳಿಂದ ಎದ್ದ ಮುದುಕಿಯರ ನಗು ಮುಳುಗುವಂತೆ ಅವನು ನಗತೊಡಗಿದ.