ಮೇಷ್ಟ್ರ ಹೊಸ ಲೇಖನ

"ಈ ಲೇಖನ ಹಾಕೋಕಾಗಲ್ಲ ಸಾರ್." ಸಂಪಾದಕಿ ಎರಡನೇ ಸಲ ಹೇಳಿದಳು. ಅದನ್ನು ಹೇಳಲೆಂದೇ ಮೇಷ್ಟ್ರ ಮನೆಗೆ ಬಂದಿದ್ದಳು.

ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿಕೊಂಡರು. "ಯಾಕಮ್ಮಾ? ಏನು ಕಮ್ಮಿಯಾಗಿದೆ?"

ಕಮ್ಮಿಯೇನೂ ಆಗಿರಲಿಲ್ಲ. ಸಂಶೋಧನಾ ಪತ್ರಿಕೆಗೆ ಬರುವ ಪ್ರತಿ ಲೇಖನವನ್ನೂ ಹಳೆಯ ಬರಹಗಳ ಜೊತೆ ಹೋಲಿಸಿ ನೋಡುವ ನಿಯಮ ತಂದವಳು ಅವಳೇ. ಎಂಥ ದೊಡ್ಡವರದಾದರೂ ಕದ್ದ ಮಾಲನ್ನು ಒಳಗೆ ಬಿಟ್ಟವಳಲ್ಲ. ಈ ಸಲ ಮೇಷ್ಟ್ರ ಲೇಖನದ ಸಾಲುಸಾಲಿಗೂ ಪರದೆಯ ಮೇಲೆ ಕೆಂಪು ಗೆರೆ ಬಿದ್ದು, ಪಕ್ಕದಲ್ಲಿ ಮೂಲ ಲೇಖನದ ಹೆಸರು ಕಂಡಿತ್ತು. ನದಿಯ ಹೂಳಿನ ಬಗ್ಗೆ, ಇದೇ ಮೇಷ್ಟ್ರ ಶಿಷ್ಯೆಯಾಗಿದ್ದಾಗ, ಅವಳು ಬರೆದ ಮೊದಲ ಲೇಖನ ಅದು.

ಮೇಷ್ಟ್ರ ಹೆಂಡತಿ ಅವಳನ್ನು ಅಡುಗೆಮನೆಗೆ ಎಳೆದುಕೊಂಡು ಹೋದರು. "ಅವರಿಗೆ ಮರೆವು ಕಣೇ. ನನ್ನ ಹೆಸರೇ ಒಂದೊಂದು ಸಲ ಹೊಳೆಯಲ್ಲ. ಹಳೇ ಕಾಗದ ಹರಡಿಕೊಂಡು ಇದನ್ನ ಬರೀತಾ ಕೂತಾಗ ಮಾತ್ರ ಮೊದಲಿನ ಮನುಷ್ಯ ಆಗ್ತಿದ್ರು. ಹಾಕಿಬಿಡು. ನಿಂದೇ ತಾನೇ, ಕೇಳೋರ್ಯಾರು?"

"ನಾಳೆ ಯಾರಾದ್ರೂ ಹಿಡೀತಾರಮ್ಮಾ. ಅವರನ್ನ ಕಳ್ಳ ಅಂತಾರೆ."

ಹೊರಗೆ ಬಂದು, ತನ್ನ ಲೇಖನವಿದ್ದ ಹಳೆಯ ಸಂಚಿಕೆಯನ್ನು ಅವರ ಮುಂದಿಟ್ಟಳು. ಮೇಷ್ಟ್ರು ಸಾಲಿನ ಮೇಲೆ ಬೆರಳಿಟ್ಟು ಓದಿದರು. ತುಟಿಗಳು ಬೆರಳಿಗಿಂತ ಮುಂದೆ ಓಡುತ್ತಿದ್ದವು. ಕೊನೆಗೆ ಮೇಲಿದ್ದ ಹೆಸರು ನೋಡಿದರು.

"ನನ್ನ ಮನೇಲಿ ಉಂಡು ನನ್ನ ಬರಹಕ್ಕೇ ಕೈ ಹಾಕಿದೆಯಲ್ಲ!"

ಸಿಕ್ಕಿಬಿದ್ದವರನ್ನು ಅವಳು ಬೇಕಾದಷ್ಟು ನೋಡಿದ್ದಳು. ಎಲ್ಲರೂ ಕಣ್ಣು ತಪ್ಪಿಸುತ್ತಿದ್ದರು. ಮೇಷ್ಟ್ರು ತಪ್ಪಿಸಲಿಲ್ಲ. ತಲೆ ತಗ್ಗಿಸಿದವಳು ಅವಳೇ.

ಶಿಷ್ಯೆಯಾಗಿದ್ದಾಗ ತನ್ನ ಬರಹ ಕದ್ದು ಅಚ್ಚು ಹಾಕಿಸಿಕೊಂಡಳೆಂದು ಮರುದಿನವೇ ಮೇಷ್ಟ್ರು ಪತ್ರಿಕೆಯ ಸಮಿತಿಗೆ ದೂರು ಕೊಟ್ಟರು. ಆರೋಪ ಬಂದ ಸಂಪಾದಕರು ವಿಚಾರಣೆ ಮುಗಿಯುವವರೆಗೆ ಹುದ್ದೆ ಬಿಡಬೇಕು. ಅದೂ ಅವಳೇ ಬರೆದ ನಿಯಮ. ಸಮಿತಿಯ ಅಧ್ಯಕ್ಷರು ಅವಳನ್ನು ಪಕ್ಕಕ್ಕೆ ಕರೆದರು.

"ಅವರಿಗೆ ಬುದ್ಧಿ ಸ್ಥಿಮಿತದಲ್ಲಿಲ್ಲ ಅಂತ ಗುಸುಗುಸು ಇದೆ. ನೀವೊಂದು ಮಾತು ಹೇಳಿ, ಇಲ್ಲಿಗೇ ಮುಗಿಸೋಣ."

ಆ ಮಾತು ನಡಾವಳಿಗೆ ಸೇರುತ್ತದೆ, ಅಲ್ಲಿಂದ ಊರಿಗೆಲ್ಲ ಹಬ್ಬುತ್ತದೆ. ಜೀವಮಾನವಿಡೀ ಬುದ್ಧಿಯೊಂದನ್ನೇ ನೆಚ್ಚಿಕೊಂಡು ಬದುಕಿದ ಮನುಷ್ಯ ಅವರು.

"ನನಗೇನೂ ಗೊತ್ತಿಲ್ಲ," ಎಂದಳು. "ವಿಚಾರಣೆ ನಡೀಲಿ."

ಸಹೋದ್ಯೋಗಿಗಳು ಅವಳು ಬಂದರೆ ಮಾತು ನಿಲ್ಲಿಸತೊಡಗಿದರು. ಕೋಣೆ ಖಾಲಿ ಮಾಡುತ್ತಿದ್ದ ಮಧ್ಯಾಹ್ನ ಫೋನು ಬಂತು. ಮೇಷ್ಟ್ರ ಹೆಂಡತಿ.

"ಬೆಳಗ್ಗೆಯಿಂದ ಒಂದೇ ಹಟ ಕಣೇ. ಆ ಹುಡುಗಿ ಯಾಕಿನ್ನೂ ಬರಲಿಲ್ಲ, ಅವಳ ಲೇಖನ ತಿದ್ದಿಟ್ಟಿದ್ದೀನಿ, ಚೆನ್ನಾಗಿ ಬರೆದಿದ್ದಾಳೆ ಅಂತ..."

ಅವಳು ಫೋನನ್ನು ಕಿವಿಗೊತ್ತಿಕೊಂಡು ನಿಂತಳು. ಆಚೆ ಕಡೆ ಮೇಷ್ಟ್ರು ಮೇಜಿನೆದುರಿಗೆ ಇನ್ನೊಂದು ಕುರ್ಚಿ ಎಳೆದಿಡುತ್ತಿರುವ ಸದ್ದು ಕೇಳಿಸುತ್ತಿತ್ತು.