ನಕ್ಷೆಯಲ್ಲಿ ಅಲೆದ ಮುಖ

ಮಧ್ಯಾಹ್ನದ ನಮಾಜು ಮುಗಿಸಿ ಮೆಹರುನ್ನಿಸ ಮೊಬೈಲು ತೆರೆದಾಗ ಅವಳ ಮಗ ಅನ್ಸಿಫ್ ವಿಮಾನ ನಿಲ್ದಾಣದ ರನ್‌ವೇ ಮೇಲೆ ನಿಂತಿದ್ದ. ಬೆಳಿಗ್ಗೆ ಸಮುದ್ರದ ನಟ್ಟನಡುವೆ ಇದ್ದ. ನಿನ್ನೆ ಇಡೀ ದಿನ ಮರುಭೂಮಿಯ ಊರು ಅಲ್ ಐನ್‌ನ ಯಾವುದೋ ಖರ್ಜೂರದ ತೋಟದಲ್ಲಿ ಕಳೆದಿದ್ದ. ನಿಂತಿದ್ದ ಎಂದರೆ ಅವನಲ್ಲ, ಮೊಬೈಲಿನ ನಕ್ಷೆಯ ಮೇಲಿನ ಅವನ ಮುಖ. ಹೋದ ಈದ್‌ಗೆ ತೆಗೆದ ಫೋಟೋ, ಬಟಾಣಿಯಷ್ಟು ದುಂಡಗೆ ಕತ್ತರಿಸಿದ್ದು. ಅದು ನಗುತ್ತಲೇ ಊರೆಲ್ಲ ಅಲೆಯುತ್ತಿತ್ತು.

ಅನ್ಸಿಫ್ ಅಬುಧಾಬಿಯ ಹೊರವಲಯದ ಮುಸಫ್ಫಾದ ಒಂದು ಕಂಪನಿಯ ಬೋಟಿನಲ್ಲಿ ಎಂಜಿನ್ ನೋಡಿಕೊಳ್ಳುವವನು. ತೈಲದ ಬಾವಿಗಳಿರುವ ದ್ವೀಪಗಳಿಗೆ ಅಕ್ಕಿ, ನೀರು, ಬಿಡಿಭಾಗ ಸಾಗಿಸುವ ಬೋಟು ಅದು. ಅವನು ಕೆಲಸಕ್ಕೆ ಸೇರಿದ ದಿನವೇ ತಾಯಿ ಹಟ ಹಿಡಿದು ಲೊಕೇಶನ್ ಶೇರ್ ಮಾಡಿಸಿಕೊಂಡಿದ್ದಳು. ಮಗ ಎಲ್ಲಿದ್ದಾನೆಂದು ನೋಡಿಯೇ ಅವಳು ಅಕ್ಕಿ ತೊಳೆಯುತ್ತಿದ್ದಳು. ಈಗ ಆ ನಕ್ಷೆಗೇ ಹುಚ್ಚು ಹಿಡಿದಿತ್ತು. ಡ್ರೋನುಗಳ ದಾರಿ ತಪ್ಪಿಸಲೆಂದು ಸೇನೆಗಳು ಆಕಾಶದ ಸಿಗ್ನಲ್ಲನ್ನೇ ಕೆಡಿಸಿ ಇಟ್ಟಿದ್ದವು. ರಸ್ತೆಯಲ್ಲಿರುವ ಟ್ಯಾಕ್ಸಿ ನಕ್ಷೆಯಲ್ಲಿ ನೀರಿನ ಮೇಲೆ ತೇಲುತ್ತಿತ್ತು, ನೀರಿನ ಮೇಲಿನ ಹಡಗು ಮರುಭೂಮಿಯಲ್ಲಿ ಸುತ್ತುತ್ತಿತ್ತು.

ಈ ಯುದ್ಧ ಹತ್ತಿಕೊಂಡ ಚಂದವನ್ನಾದರೂ ಕೇಳಬೇಕು. ಒಂದು ದೊಡ್ಡ ದೇಶಕ್ಕೆ ಪಕ್ಕದ ಚಿಕ್ಕ ದೇಶದ ಬಂದರಿನ ಮೇಲೆ ಕಣ್ಣು ಬಿತ್ತು. ಅದು ನಮ್ಮ ಅಜ್ಜಂದಿರ ಕಾಲದ್ದು ಎಂದು ಟ್ಯಾಂಕು ನುಗ್ಗಿಸಿತು. ಚಿಕ್ಕವನಿಗೆ ಮಾತು ಕೊಟ್ಟ ಗೆಳೆಯರು ಇದ್ದರು, ದೊಡ್ಡವನ ಬೆನ್ನಿಗೂ ಇದ್ದರು. ಎಲ್ಲರನ್ನೂ ಕರೆತಂದು ಅಬುಧಾಬಿಯ ಹೋಟೆಲ್ಲೊಂದರಲ್ಲಿ ಕೂರಿಸಿದರು. ಹೂವು, ಧ್ವಜ, ಕೈಕುಲುಕುವ ಫೋಟೋ, ಯಾವುದಕ್ಕೂ ಕೊರತೆ ಮಾಡಲಿಲ್ಲ. ಮೊದಲು ಯಾರು ಸೈನ್ಯ ಹಿಂದೆಗೆಯಬೇಕು ಎಂಬಲ್ಲಿಗೆ ಬಂದು ಮಾತು ನಿಂತಿತು. ಇಬ್ಬರೂ ಎದ್ದು ನಡೆದರು.

ಟಿವಿಯಲ್ಲಿ ಅದನ್ನು ನೋಡುತ್ತ ಮೆಹರುನ್ನಿಸಳ ಗಂಡ ಇಸ್ಮಾಯಿಲ್ ನಕ್ಕುಬಿಟ್ಟಿದ್ದರು. ಅಬುಧಾಬಿಯಲ್ಲೇ ಅವರದು ಬಟ್ಟೆ ಅಂಗಡಿ. ಮೂವತ್ತು ವರ್ಷ ಚೌಕಾಸಿ ಮಾಡಿದ ನಾಲಿಗೆ.

"ಇದೆಲ್ಲ ನಾಟಕ ಮಾರಾಯ್ತಿ. ಗಿರಾಕಿ ಎದ್ದು ಬಾಗಿಲವರೆಗೆ ಹೋಗ್ತಾನೆ. ಅಲ್ಲಿಂದ ತಿರುಗಿ ಬರ್ತಾನೆ. ನಾನೆಷ್ಟು ಜನರನ್ನು ನೋಡಿಲ್ಲ?"

ಮರುದಿನ ಅನ್ಸಿಫ್ ಬ್ಯಾಗು ಹೆಗಲಿಗೆ ಹಾಕಿಕೊಂಡು ಕೇಳಿದ್ದ: "ಉಪ್ಪ, ಈ ಟ್ರಿಪ್ಪಿಗೆ ರಜೆ ಹಾಕ್ಲಾ? ಹುಡುಗ್ರೆಲ್ಲ ಹೆದರಿದ್ದಾರೆ."

"ಹೋಗು ಹೋಗು. ನೀನು ದ್ವೀಪ ಮುಟ್ಟುವಾಗ ಅವರು ತಿರುಗಿ ಬಂದು ಚಾ ಕುಡೀತಾ ಇರ್ತಾರೆ."

ಅವರು ಬಾಗಿಲು ದಾಟಿದರು, ಕಾರು ಹತ್ತಿದರು, ವಿಮಾನ ಹತ್ತಿದರು. ತಿರುಗಿ ಬಂದದ್ದು ಕ್ಷಿಪಣಿಗಳು. ಕೊಟ್ಟ ಮಾತು ಉಳಿಸಿಕೊಳ್ಳಲು ಗೆಳೆಯರು ಒಬ್ಬೊಬ್ಬರಾಗಿ ಯುದ್ಧಕ್ಕಿಳಿದರು. ಎಂದೋ ಮಾಡಿಕೊಂಡಿದ್ದ ಒಪ್ಪಂದಗಳಿಗೆ ಆಗ ಜೀವ ಬಂತು! ವಾರ ಕಳೆಯುವುದರೊಳಗೆ ಇಲ್ಲಿನ ಜಲಸಂಧಿ ಮುಚ್ಚಿತು, ದೂರದ ಸಾಗರಗಳಲ್ಲೂ ಹಡಗುಗಳು ಉರಿದವು. ಟಿವಿಯವರು ನಾಚಿಕೆಯಿಲ್ಲದೆ ಮಹಾಯುದ್ಧ ಎಂದು ಕರೆದು ಅದಕ್ಕೊಂದು ನಂಬರನ್ನೂ ಕೊಟ್ಟರು.

ಅನ್ಸಿಫ್‌ನಿಂದ ಬಂದದ್ದು ಒಂದೇ ಮೆಸೇಜು: 'ಬೋಟ್ ಹತ್ತುತ್ತಿದ್ದೇನೆ ಉಮ್ಮ, ನೆಟ್ ಸಿಗಲಿಕ್ಕಿಲ್ಲ.' ಆಮೇಲೆ ಸುದ್ದಿಯೇ ಇಲ್ಲ. ಕಂಪನಿಗೆ ಫೋನು ಮಾಡಿದರೆ, ಬೋಟಿನ ಸಂಪರ್ಕ ತಪ್ಪಿದೆ, ಕಾಯಿರಿ ಎಂದರು. ಆದರೆ ಅವನ ಮೊಬೈಲಿಗೆ ಮಾಡಿದರೆ ರಿಂಗಾಗುತ್ತಿತ್ತು. ಯಾರೂ ಎತ್ತುತ್ತಿರಲಿಲ್ಲ, ಆದರೆ ರಿಂಗಾಗುತ್ತಿತ್ತು. ನಕ್ಷೆಯಲ್ಲಿ ಅವನ ಮುಖದ ಕೆಳಗೆ ಬ್ಯಾಟರಿ ಎಷ್ಟಿದೆಯೆಂದು ಕಾಣುತ್ತದಲ್ಲ, ಅದು ಸಂಜೆಗೆ ಇಳಿದು ಬೆಳಿಗ್ಗೆಗೆ ಏರಿರುತ್ತಿತ್ತು. ಮೆಹರುನ್ನಿಸಳ ಪ್ರಾಣ ನಿಂತದ್ದು ಆ ಏರಿಕೆಯ ಮೇಲೆ.

"ಜಾಗ ಸುಳ್ಳು ಹೇಳ್ಲಿ. ಚಾರ್ಜ್ ಸುಳ್ಳು ಹೇಳ್ತದಾ? ಯಾರೋ ಚಾರ್ಜಿಗೆ ಇಡ್ತಾ ಇದ್ದಾರೆ. ಅವನಲ್ಲದೆ ಮತ್ಯಾರು?"

ಈ ನಂಬಿಕೆ ಬಿಟ್ಟು ಅವಳು ಕದಲಲು ಒಪ್ಪಲಿಲ್ಲ. ಅದಕ್ಕೇ ಇವತ್ತು ಮನೆಯಲ್ಲಿ ರಂಪವಾಗಿತ್ತು. ಊರಿಗೆ ಮರಳುವವರಿಗಾಗಿ ಜಲಸಂಧಿಯನ್ನು ಒಂದು ದಿನ ತೆರೆಯಲು ಒಪ್ಪಿದ್ದರು; ನಾಳೆ ಬೆಳಿಗ್ಗೆ ದುಬೈನಿಂದ ಊರಿನ ಕಡೆ ಹಡಗು ಹೊರಡುವುದಿತ್ತು. ವಿಮಾನಗಳಂತೂ ಖಲಾಸ್. ಮುಂದಿನ ಹಡಗು ಉಂಟೋ ಇಲ್ಲವೋ ದೇವರೇ ಬಲ್ಲ. ಇಸ್ಮಾಯಿಲ್ ಕಂಡವರ ಕಾಲು ಹಿಡಿದು ಮೂರು ಜಾಗ ಸಂಪಾದಿಸಿದ್ದರು.

"ನಾನು ಬರುವುದಿಲ್ಲ," ಎಂದಳು ಮೆಹರುನ್ನಿಸ. "ಅವನು ಮನೆಗೆ ಬಂದಾಗ ಬಾಗಿಲು ತೆಗೆಯುವವರು ಬೇಡ್ವಾ?"

"ಹಸ್ನಾಳ ಮುಖ ನೋಡಿಯಾದ್ರೂ ಬಾ. ಇನ್ನೊಂದು ಮಗು ಉಂಟಲ್ಲ ನಮ್ಗೆ."

"ನಿಮ್ಮ ಮಾತು ಕೇಳಿ ಒಬ್ಬ ಹೊರಟ. ಅಷ್ಟು ಸಾಕು."

ಇಸ್ಮಾಯಿಲ್ ಟಿಕೆಟುಗಳನ್ನು ಮಡಚಿ ಜೇಬಿಗಿಟ್ಟರು. ಪೆಟ್ಟು ಎಲ್ಲಿಗೆ ಬೀಳಬೇಕೋ ಅಲ್ಲಿಗೇ ಬಿದ್ದಿತ್ತು.

ಅಷ್ಟರಲ್ಲಿ ಅನ್ಸಿಫ್‌ನ ಮುಖ ರನ್‌ವೇಯಿಂದ ಮಾಯವಾಗಿ ಮುಸಫ್ಫಾದಲ್ಲಿ ಎದ್ದಿತು. ಮೆಹರುನ್ನಿಸ ದಿಗ್ಗನೆ ಕುಳಿತಲ್ಲಿಂದ ಎದ್ದಳು. ಇಷ್ಟು ದಿನ ಅದು ಮಿಡತೆಯ ಹಾಗೆ ಅಲ್ಲಿಂದಿಲ್ಲಿಗೆ ಹಾರುತ್ತಿತ್ತು. ಇವತ್ತು ಹಾರಲಿಲ್ಲ. ರಸ್ತೆ ಹಿಡಿಯಿತು. ಸಿಗ್ನಲ್ ಬಂದಲ್ಲಿ ನಿಂತಿತು, ಮತ್ತೆ ಹೊರಟಿತು. ನಗರಕ್ಕೆ ಬರುವ ಮಖ್ತಾ ಸೇತುವೆ ದಾಟಿತು.

"ಬರ್ತಾ ಇದ್ದಾನೆ," ಎಂದಳು. ದನಿ ಅವಳದೇ ಅಲ್ಲವೆಂಬಂತಿತ್ತು.

ಹಸ್ನಾ ತಾಯಿಯ ಕೈ ಹಿಡಿದುಕೊಂಡಳು. "ಉಮ್ಮಾ, ಪ್ಲೀಸ್. ಇಟ್ಸ್ ಜಸ್ಟ್ ಸಿಗ್ನಲ್ ಜ್ಯಾಮಿಂಗ್. ನಿನ್ನೆ ಅಲ್ ಐನ್‌ನಲ್ಲಿ ಇದ್ದ, ನೆನಪಿಲ್ವಾ?"

ಮೆಹರುನ್ನಿಸ ಕೈ ಬಿಡಿಸಿಕೊಂಡು ಅಡುಗೆಮನೆಗೆ ಹೋದಳು. ಅಕ್ಕಿರೊಟ್ಟಿಯಂಥ ಪತ್ತಿರ್ ಬಿಸಿ ಮಾಡಿದಳು, ಕೋಳಿ ಸಾರು ಒಲೆಗಿಟ್ಟಳು, ಮಗನ ತಟ್ಟೆ ತೊಳೆದು ಮೇಜಿನ ಮೇಲೆ ಇಟ್ಟಳು. ಆ ನಗುವ ಬಟಾಣಿ ಸಲಾಂ ರಸ್ತೆಗೆ ಬಂದು, ಅವರ ಗಲ್ಲಿಗೆ ತಿರುಗಿ, ಕಟ್ಟಡದ ಮುಂದೆ ನಿಂತಿತು. ಮೂವರಿಗೂ ಒಳಗೊಳಗೆ ಹೆದರಿಕೆ ಹುಟ್ಟಿತ್ತು. ಹೊರಗೆ ಲಿಫ್ಟು ಬಂದು ನಿಂತ ಸದ್ದಾಯಿತು.

ಬೆಲ್ ಹೊಡೆಯಿತು.

ಓಡಿ ಹೋಗಿ ಬಾಗಿಲು ತೆಗೆದವಳ ಮುಂದೆ ನಿಂತಿದ್ದವನು ಬೇರೆ ಯಾರೋ. ಮಗನ ವಯಸ್ಸಿನವನೇ, ಕಂಪನಿಯ ಯೂನಿಫಾರ್ಮು, ಎದೆಗೆ ಅವುಚಿಕೊಂಡ ಒಂದು ಬ್ಯಾಗು. ಆ ಬ್ಯಾಗನ್ನು ಅವಳು ಕಂಡಕೂಡಲೇ ಗುರುತಿಸಿದಳು. ಅವನ ಬೆನ್ನ ಹಿಂದೆ ಇಣುಕಿ ನೋಡಿದಳು. ಲಿಫ್ಟಿನ ಬಾಗಿಲು ಮುಚ್ಚಿಕೊಂಡಿತು.

"ನಾನು ಝಹೀರ್, ಉಮ್ಮ. ನಮ್ಮೂರ ಕಡೆಯ ಉಪ್ಪಳದವನು. ಕಂಪನಿಯ ಸ್ಟೋರ್ ನೋಡಿಕೊಳ್ಳುವುದು." ಅವನು ಬ್ಯಾಗಿನಿಂದ ಅನ್ಸಿಫ್‌ನ ಮೊಬೈಲು ತೆಗೆದು ಎರಡೂ ಕೈಯಲ್ಲಿ ಚಾಚಿದ. "ಬೋಟು ಹೊರಡುವ ಮೊದ್ಲು ಎಲ್ರ ಮೊಬೈಲು ತೆಗೆದಿಟ್ಟುಕೊಂಡಿದ್ರು. ಸಿಗ್ನಲ್ ಹಿಡಿದು ಡ್ರೋನು ಬರ್ತದೆ ಅಂತ. ಅವತ್ತಿಂದ ಇದು ನನ್ನ ಡ್ರಾಯರಿನಲ್ಲೇ ಇತ್ತು. ಬ್ಯಾಗನ್ನೂ ಅವನು ಸ್ಟೋರಿನಲ್ಲೇ ಬಿಟ್ಟು ಹೋಗಿದ್ದ."

ಹಸ್ನಾಗೆ ಮೊದಲು ಅರ್ಥವಾಯಿತು. ಸಮುದ್ರದಲ್ಲಿ ತೇಲಿದ್ದು, ತೋಟದಲ್ಲಿ ಮಲಗಿದ್ದು, ರನ್‌ವೇಯಲ್ಲಿ ನಿಂತದ್ದು ಎಲ್ಲವೂ ಮುಸಫ್ಫಾದ ಒಂದು ಡ್ರಾಯರು. ನಕ್ಷೆ ನಿಜ ಹೇಳಿದ್ದು ಇವತ್ತು ಮಾತ್ರ.

"ಬೋಟು?" ಇಸ್ಮಾಯಿಲ್ ಕೇಳಿದರು.

"ನಿನ್ನೆ ಸಿಕ್ಕಿತು. ಪೂರ್ತಿ ಸುಟ್ಟಿದೆ. ಒಳಗೆ... ಯಾರೂ ಸಿಗ್ಲಿಲ್ಲ."

"ಚಾರ್ಜ್ ಮಾಡಿದ್ದು ನೀನಾ?" ಎಂದಳು ಮೆಹರುನ್ನಿಸ.

ಝಹೀರನ ಕಣ್ಣು ತುಂಬಿತು. "ಎಲ್ರದ್ದೂ ಮಾಡ್ತಿದ್ದೆ ಉಮ್ಮ. ತಿರುಗಿ ಬಂದಕೂಡ್ಲೇ ಮನೆಗೆ ಫೋನ್ ಮಾಡ್ಬೇಕಲ್ಲ ಅವರಿಗೆ, ಅದಕ್ಕೆ. ನೀವು ಕಾಲ್ ಮಾಡುವಾಗೆಲ್ಲ ನೋಡ್ತಿದ್ದೆ. ಸ್ಕ್ರೀನಿನಲ್ಲಿ ಉಮ್ಮ ಅಂತ ಬರ್ತಿತ್ತು. ಎತ್ತಿ ಏನಂತ ಹೇಳ್ಲಿ? ಎತ್ತಲಿಕ್ಕೆ ಧೈರ್ಯ ಆಗ್ಲಿಲ್ಲ."

ಅವಳು ಅಳಲಿಲ್ಲ. ಅವನ ಭುಜ ಹಿಡಿದು ಒಳಗೆ ಕರೆತಂದಳು. "ಕೂತ್ಕೋ ಮಗ. ಪತ್ತಿರ್ ಆರ್ತದೆ." ಮಗನ ತಟ್ಟೆಗೇ ಬಡಿಸಿದಳು. ಹುಡುಗ ತಲೆ ತಗ್ಗಿಸಿ ತಿಂದ. ಅವಳ ಮೊಬೈಲಿನ ನಕ್ಷೆಯಲ್ಲಿ ಅನ್ಸಿಫ್ ಅವರ ಮನೆಯ ಮೇಲೆಯೇ ನಿಂತು ನಗುತ್ತಿದ್ದ. ಬ್ಯಾಟರಿ ಕೆಂಪಾಗಿತ್ತು. ಮೆಹರುನ್ನಿಸ ಟಿವಿಯ ಪಕ್ಕದ ಚಾರ್ಜರು ಹುಡುಕಿ, ಮಗನ ಮೊಬೈಲನ್ನು ಸಿಕ್ಕಿಸಿ, ಸ್ವಿಚ್ಚು ಹಾಕಿದಳು.

ಇಸ್ಮಾಯಿಲ್ ಕಾಲೆಳೆಯುತ್ತ ಹೊರಬಾಗಿಲು ಹಾಕಲು ಹೋದರು.

"ಹಾಕ್ಬೇಡಿ," ಎಂದಳು ಮೆಹರುನ್ನಿಸ. ಅವಳ ಮಾತಿನಲ್ಲಿ ಸಿಟ್ಟೂ ಇರಲಿಲ್ಲ. "ಬಾಗಿಲವರೆಗೆ ಹೋದವರು ತಿರುಗಿ ಬರ್ತಾರೆ ಅಂದದ್ದು ನೀವೇ ಅಲ್ವಾ? ನೀವಿಬ್ರು ನಾಳೆ ಹಡಗು ಹತ್ತಿ. ನಾನಿರ್ತೇನೆ."

ಇಸ್ಮಾಯಿಲ್ ಚಿಲಕದ ಮೇಲಿಟ್ಟ ಕೈ ತೆಗೆದರು. ತೆರೆದ ಬಾಗಿಲ ಬಳಿಯೇ ನೆಲದ ಮೇಲೆ ಕುಸಿದು, ಲಿಫ್ಟಿನ ಕಡೆ ನೋಡುತ್ತ ಕುಳಿತರು.