ಮಿಸ್ತ್ರಿಯ ಮೂಗು

ಫಕೀರಪ್ಪನ ಮೂಗು ಸತ್ತು ನಾಲ್ಕು ವರ್ಷವಾಗಿತ್ತು. ಮುಖದ ನಡುವೆ ಅದು ಮೊದಲಿನಂತೆಯೇ ದಿಮಾಕಿನಿಂದ ಕೂತಿತ್ತು. ನೆಗಡಿಯಾದರೆ ಸೋರುತ್ತಿತ್ತು, ತಪಕೀರು ಏರಿಸಿದರೆ ಸೀನುತ್ತಿತ್ತು. ವಾಸನೆಯೊಂದು ಮಾತ್ರ ಬರುತ್ತಿರಲಿಲ್ಲ. ಮೂವತ್ತು ವರ್ಷದ ಪೆಟ್ರೋಲು, ಇಪ್ಪತ್ತು ವರ್ಷದ ತಪಕೀರು ಸೇರಿ ಅದರ ಜೀವ ತೆಗೆದಿದ್ದವು. ಈ ಸಂಗತಿಯನ್ನು ಅವನು ಯಾರಿಗೂ ಹೇಳಿರಲಿಲ್ಲ. ಕಣ್ಣು ಮಂಜಾದ ಸಿಂಪಿಗನಿಗೆ ಯಾರು ಅರಿವೆ ಕೊಡುತ್ತಾರೆ?

ಪುಣೆಯ ಕೊಂಢವಾದಲ್ಲಿ ಅವನದೊಂದು ತಗಡಿನ ಗ್ಯಾರೇಜು, ಹಿಂದಿನ ಖೋಲಿಯಲ್ಲೇ ಸಂಸಾರ. ಪೆಟ್ರೋಲಿನ ಕೆಲಸ ಮುಗಿದಾಗಲೆಲ್ಲ ಅವನು ಒಳಗೆ ಮುಖ ಮಾಡಿ, "ಇಂದೂ, ಒಂದ್ ಕಪ್ ಚಾ ತಾ" ಎಂದು ಕೂಗುತ್ತಿದ್ದ. ಹೆಂಡತಿ ಇಂದೂ ಚಹಾ ಹಿಡಿದು ಗಾಡಿಯ ಹತ್ತಿರ ಬರುವಾಗ ಅವನು ಕಪ್ಪನ್ನಲ್ಲ, ಅವಳ ಮುಖವನ್ನು ನೋಡುತ್ತಿದ್ದ. ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡರೆ ಬಾನೆಟ್ ಮತ್ತೆ ತೆರೆಯುತ್ತಿದ್ದ. ಮುಚ್ಚಿಕೊಳ್ಳದಿದ್ದರೆ ಗಾಡಿ ಮಾಲಕನ ಕೈಗೆ. "ಇಷ್ಟು ಚಾ ಕುಡೀಬ್ಯಾಡ್ರಿ, ಪಿತ್ತ ಆಗ್ತದ" ಎಂದು ಅವಳು ಬೈಯುತ್ತಿದ್ದಳು. ಪಾಪ, ತನ್ನ ಮೂಗಿನ ಮೇಲೆ ಇಡೀ ಗ್ಯಾರೇಜು ನಿಂತಿದೆಯೆಂಬುದು ಅವಳಿಗೇನು ಗೊತ್ತು. ಈಗ ಅವಳು ತಂಗಿಯ ಬಾಣಂತನಕ್ಕೆಂದು ಗದಗಿಗೆ ಹೋಗಿ ಒಂಬತ್ತು ದಿನವಾಗಿತ್ತು.

ತೊಂಬತ್ತಾರನೆಯ ಇಸವಿಯ ಆ ಶುಕ್ರವಾರ ಗ್ಯಾರೇಜಿನಲ್ಲಿದ್ದದ್ದು ಅಪ್ಪಾಸಾಹೇಬನ ಹಳೆಯ ಫಿಯಾಟ್. ಅಪ್ಪಾಸಾಹೇಬ ಸಂಕೇಶ್ವರದ ಕಡೆಯವನು, ಪುಣೆಯಲ್ಲಿ ಬೆಲ್ಲದ ವ್ಯಾಪಾರ, ಕೋಥರೂಡದಲ್ಲಿ ಮನೆ. ಗಾಡಿಗೆ ಇಪ್ಪತ್ತೆರಡು ವರ್ಷ. ಡಿಕ್ಕಿಯಲ್ಲಿರುವ ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲು ಒಯ್ಯುವ ಪೈಪು ತುಕ್ಕು ತಿಂದು ಜಾಲರಿಯಾಗಿತ್ತು. ಸಾಲದ್ದಕ್ಕೆ ಯಾವನೋ ಪುಣ್ಯಾತ್ಮ ನಡುವೆ ನೀರಿನ ರಬ್ಬರ್ ಪೈಪು ತುರುಕಿ, ಅದನ್ನು ಸೈಲೆನ್ಸರಿನ ಮಗ್ಗುಲಲ್ಲೇ ಒಯ್ದಿದ್ದ. ಕಾದ ಸೈಲೆನ್ಸರು, ಸೋರುವ ಪೆಟ್ರೋಲು, ಎರಡರ ನಡುವೆ ಎರಡು ಬೆರಳಿನ ಅಂತರ.

ಕೆಲಸವನ್ನು ಅವನು ಚೊಕ್ಕವಾಗಿಯೇ ಮಾಡಿದ್ದ, ಅದರಲ್ಲಿ ಎರಡು ಮಾತಿಲ್ಲ. ಬ್ಯಾಟರಿಯ ತಂತಿ ಕಳಚಿದ. ಟ್ಯಾಂಕು ಬರಿದು ಮಾಡಿ ಡಬ್ಬಿಯನ್ನು ಅಂಗಳದಾಚೆ ಇಟ್ಟ. ಪಕ್ಕದಲ್ಲಿ ಒಂದು ಬಕೀಟು ಉಸುಕು ಇಟ್ಟುಕೊಂಡ. ಹೊಸ ಪೈಪನ್ನು ಸೈಲೆನ್ಸರಿನ ಬದಿ ಬಿಟ್ಟು ಗಾಡಿಯ ಇನ್ನೊಂದು ಬದಿಯಿಂದ ತಂದು, ಗೇಣಿಗೊಂದು ಕ್ಲಿಪ್ ಹಾಕಿ ಬಿಗಿದ. ತಗಡಿನ ತೂತಿನಲ್ಲಿ ಅದು ಹಾಯುವಲ್ಲಿ ಉಜ್ಜಬಾರದೆಂದು ರಬ್ಬರಿನ ಬಳೆ ಕೂಡಿಸಿದ. ಉಳಿದದ್ದು ಎಂಜಿನ್ನಿನ ಪಂಪಿನಿಂದ ಕಾರ್ಬ್ಯುರೇಟರಿಗೆ ಹೋಗುವ ಒಂದು ಮೊಳದ ರಬ್ಬರ್ ಪೈಪು, ಅದರ ಎರಡು ತುದಿಗೆ ಬಿಗಿಯುವ ಎರಡು ಕ್ಲಾಂಪು.

ಆಗಲೇ ಅಪ್ಪಾಸಾಹೇಬ ಮನೆಮಂದಿಯ ಸಮೇತ ರಿಕ್ಷಾದಿಂದ ಇಳಿದ. ಜೊತೆಗೆ ತಾಯಿ ಚನ್ನಬಸವ್ವ, ಏಳು ತಿಂಗಳ ಬಸುರಿ ಸೊಸೆ ಶೈಲಾ. ಸೀಮಂತದ ಕುಬಸ ಮುಗಿದಿತ್ತು, ಸೊಸೆಯನ್ನು ತವರಿಗೆ ಬಿಡಲು ಹೊರಟಿದ್ದರು.

"ಫಕೀರಪ್ಪ, ಹತ್ತೂವರಿಗೆ ರಾಹುಕಾಲ ಹತ್ತತದ. ಅಷ್ಟರಾಗ ಗಾಡಿ ಹೊರಗ ಬೀಳಬೇಕು ನೋಡು" ಎಂದ ಅಪ್ಪಾಸಾಹೇಬ.

"ಆತ್ರಿ ಸಾವ್ಕಾರ್ರ, ಆಗೇ ಹೋತು."

ಫಕೀರಪ್ಪನ ಕೈ ಓಡಿತು. ಡಬ್ಬಿಯ ಪೆಟ್ರೋಲನ್ನು ಟ್ಯಾಂಕಿಗೆ ಸುರಿದು, ಬ್ಯಾಟರಿಯ ತಂತಿ ಸೇರಿಸಿ, ಗಾಡಿ ಚಾಲೂ ಮಾಡಿ ಐದು ನಿಮಿಷ ಬಿಟ್ಟ, ಅವಸರದಲ್ಲಿ ಜೋಡಣೆಗಳ ಅಡಿಗೆ ಬೆರಳಾಡಿಸಿದ. ಒಣಗಿತ್ತು. ಬಾನೆಟ್ ಹಾಕಿದ.

ಶೈಲಾ ಹತ್ತು ಹೆಜ್ಜೆ ದೂರದಲ್ಲೇ ನಿಂತು ಮುಖ ಕಿವುಚಿದಳು. "ಪೆಟ್ರೋಲ್ ವಾಸನಿ ಇನ್ನೂ ಭಾಳ ಬರಾಕತ್ತದಲ್ರಿ."

ಫಕೀರಪ್ಪ ಒಂದು ಉಸಿರು ಒಳಗೆಳೆದುಕೊಂಡ. ಬರೀ ಗಾಳಿ. ಆಮೇಲೆ ನಕ್ಕುಬಿಟ್ಟ. "ಹೊಸಾ ಪೈಪಿಂದು ತಂಗೀ, ಎರಡು ದಿನ ಇರ್ತದ. ಅದರಾಗ ನೀವು ಎರಡ ಜೀವದವರು. ನಿಮಗ ಎಲ್ಲಾ ವಾಸನೀನೂ ಜಾಸ್ತೀನ."

ಎಲ್ಲರೂ ನಕ್ಕರು. ಶೈಲಾ ನಗಲಿಲ್ಲ, ಆದರೆ ಹತ್ತಿ ಕೂತಳು. ಚನ್ನಬಸವ್ವ ಕಿಟಕಿಯಿಂದ ಕೈ ಚಾಚಿದಳು. "ಒಂದು ಕಡ್ಡಿಪೆಟಗಿ ಇದ್ರ ಕೊಡಪಾ. ನಂದು ಮನ್ಯಾಗ ಉಳೀತು. ಘಾಟಿನ ಗುಡಿ ಮುಂದ ಗಾಡಿಗೆ ಕರ್ಪೂರ ಬೆಳಗಿ, ಕಾಯಿ ಒಡಿಬೇಕು."

ಫಕೀರಪ್ಪ ಜೇಬಿನ ಕಡ್ಡಿಪೆಟ್ಟಿಗೆ ಕೊಟ್ಟ. ಊರ ಅಂಚಿನ ಕಾತ್ರಜಿನಲ್ಲಿ ಪೆಟ್ರೋಲು ತುಂಬಿಸಿಕೊಂಡು ಬೆಟ್ಟದ ಘಾಟು ಹತ್ತುತ್ತೇವೆಂದು ಹೇಳಿ ಅವರು ಹೋದರು.

ಕಾಲು ಗಂಟೆಯ ಮೇಲೆ ಅವನು ಸಾಮಾನು ಒರೆಸಿಡಲು ಕೂತ. ತಾಟಿನಲ್ಲಿ ಪಾನಾ, ಪಕ್ಕಡ, ಸ್ಕ್ರೂಡ್ರೈವರ್. ಅವುಗಳ ಕೆಳಗೆ ಹೊಸದಾಗಿ ಹೊಳೆಯುವ ಒಂದು ಕ್ಲಾಂಪು.

ಅವನು ಅದನ್ನು ಎತ್ತಿ ಹಿಡಿದು ನೋಡಿದ. ಎರಡು ತಂದಿದ್ದ, ಒಂದು ಹಾಕಿದ್ದ. ಪಂಪಿನ ಕಡೆಯ ತುದಿಗೆ ಹಾಕುವಷ್ಟರಲ್ಲಿ ರಾಹುಕಾಲದ ಮಾತು ಬಂದಿತ್ತು. ಪೈಪು ಬರೀ ತನ್ನ ಬಿಗಿಯ ಮೇಲೆ ಕೂತಿದೆ. ಎಂಜಿನ್ ತಣ್ಣಗಿದ್ದಾಗ ಕೂತಿರುತ್ತದೆ. ಘಾಟು ಹತ್ತಿ, ಕಾದು, ರಬ್ಬರು ಮೆತ್ತಗಾಗಿ, ಪಂಪು ಜೋರಾಗಿ ತಳ್ಳತೊಡಗಿದರೆ? ಅಲ್ಲಿಂದ ಗೇಣು ದೂರದಲ್ಲೇ ಎಕ್ಝಾಸ್ಟು ಕೆಂಡದಂತೆ ಕಾದಿರುತ್ತದೆ. ಮತ್ತು ಬಾನೆಟ್ಟಿನ ಎದುರಿಗೇ ನಿಂತು ಮುದುಕಿ ಕರ್ಪೂರ ಬೆಳಗುತ್ತಾಳೆ. ತಾನು ಕೊಟ್ಟ ಕಡ್ಡಿಯಿಂದ!

ಫಕೀರಪ್ಪ ಕ್ಲಾಂಪು, ಸ್ಕ್ರೂಡ್ರೈವರ್, ಒಂದು ಕ್ಲಿಪ್ ಜೇಬಿಗೆ ತುರುಕಿ ಎದ್ದ. ಆ ಹುಡುಗಿ ಹೇಳಿದ್ದಳಲ್ಲ, ಬಾಯಿಬಿಟ್ಟು ಹೇಳಿದ್ದಳಲ್ಲ!

ಅಂಗಳದಲ್ಲಿ ಇದ್ದದ್ದು ಅವನದೇ ಲೂನಾ. ಅದನ್ನೇ ಎಳೆದುಕೊಂಡು ಹೊರಟ. ಲೂನಾ ಎಂದರೆ ಸಪಾಟು ದಾರಿಯಲ್ಲಿ ಮೊಪೆಡ್ಡು, ಏರು ಬಂದರೆ ಸೈಕಲ್ಲು. ಕಾತ್ರಜಿನ ಪೆಟ್ರೋಲ್ ಪಂಪಿನವರೆಗೆ ಅದು ಹೇಗೋ ಓಡಿತು. ಅಲ್ಲಿ ಫಿಯಾಟ್ ಇರಲಿಲ್ಲ.

"ಜುನೀ ಫಿಯಾಟ್? ಆತ್ತಾಚ್ ಗೇಲೀ" ಎಂದ ಪಂಪಿನವನು, ಈಗಷ್ಟೇ ಹೋಯಿತೆಂದು ಘಾಟಿನ ಕಡೆ ಕೈ ತೋರಿಸುತ್ತ. "ಪಾಳಿ ಬರಲು ತಡವಾಯಿತು, ಬಾಯಿಗೆ ನೀರು ಹಾಕಿಕೊಳ್ಳಲು ಆ ಬಸುರಿ ಹೆಂಗಸು ಆಗಾಗ ಇಳಿಯುತ್ತಿದ್ದಳು" ಎಂದೂ ಮರಾಠಿಯಲ್ಲಿ ಹೇಳಿದ. ಗಾಡಿ ನಿಂತಿದ್ದ ಜಾಗದಲ್ಲಿ ಬೊಗಸೆಯಷ್ಟು ಒದ್ದೆ ಕಂಡಿತು. ಫಕೀರಪ್ಪ ಬಗ್ಗಿ ಬೆರಳು ಒತ್ತಿದ. ನೀರಾದರೆ ಬೆರಳು ಒದ್ದೆಯಾಗಿ ಉಳಿಯುತ್ತದೆ. ಇದು ಬರ್ಫದಂತೆ ತಣ್ಣಗೆ ಕಚ್ಚಿ, ನೋಡನೋಡುತ್ತ ಆರಿಹೋಯಿತು. ಪೆಟ್ರೋಲು.

ಅಲ್ಲಿಂದ ಮುಂದಿನ ದಾರಿ ಅವನ ಪಾಲಿಗೆ ಮುಗಿಯಲೇ ಇಲ್ಲ. ಲೂನಾ ಏರಿನಲ್ಲಿ ಮುಲುಗಿತು, ಅವನು ಪೆಡಲ್ ತುಳಿದ. ಲಾರಿಗಳು ಹೊಗೆ ಉಗುಳಿ ಮುಂದೆ ಹೋದವು. ಒಂದೊಂದು ತಿರುವಿಗೂ ಅವನ ಕಣ್ಣು ಮೊದಲು ಆಕಾಶ ನೋಡುತ್ತಿತ್ತು, ಕಪ್ಪು ಹೊಗೆ ಏಳುತ್ತಿದೆಯೇ ಎಂದು. ಹೊಗೆ ಕಾಣದಿದ್ದಾಗ ಜೀವ ಬರುತ್ತಿತ್ತು, ಮುಂದಿನ ತಿರುವು ಕಂಡಾಗ ಮತ್ತೆ ಹೋಗುತ್ತಿತ್ತು. ದೇವರನ್ನು ನೆನೆಯಬೇಕೆಂದರೆ ಬಾಯಿಗೆ ಒಂದೂ ಹೆಸರು ಬರಲಿಲ್ಲ. ಬಂದದ್ದು ಒಂದೇ ಮಾತು. ಕರ್ಪೂರ ಹಚ್ಚಬ್ಯಾಡ್ರಿ ಯವ್ವಾ, ಕರ್ಪೂರ ಹಚ್ಚಬ್ಯಾಡ್ರಿ.

ಘಾಟಿನ ತುದಿಯ ಸುರಂಗಕ್ಕೆ ಇನ್ನೊಂದು ತಿರುವು ಇರುವಾಗ, ರಸ್ತೆಯ ಅಂಚಿನ ಸಣ್ಣ ಗುಡಿಯ ಮುಂದೆ ಫಿಯಾಟ್ ನಿಂತಿತ್ತು. ಎಂಜಿನ್ ಇನ್ನೂ ಚಾಲೂ ಇತ್ತು. ಅಪ್ಪಾಸಾಹೇಬ ಕುಕ್ಕರಗಾಲಲ್ಲಿ ಕೂತು ಗಾಲಿಯ ಕೆಳಗೆ ಲಿಂಬೆಹಣ್ಣು ಇಡುತ್ತಿದ್ದ. ಶೈಲಾ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಒರಗಿದ್ದಳು. ಚನ್ನಬಸವ್ವನ ಅಂಗೈ ಮೇಲೆ ತೆಂಗಿನಕಾಯಿ, ಕಾಯಿಯ ಮೇಲೆ ಕರ್ಪೂರ. ಕರ್ಪೂರ ಆಗಲೇ ಉರಿಯುತ್ತಿತ್ತು. ಗುಡಿಗೆ ಬೆಳಗಿ ಮುಗಿಸಿ ಅವಳು ಬಾನೆಟ್ಟಿನ ಕಡೆ ತಿರುಗಿದಳು.

ಫಕೀರಪ್ಪ ಲೂನಾವನ್ನು ರಸ್ತೆಯಲ್ಲೇ ಕೆಡವಿ ಓಡಿದ. ಮುದುಕಿಯ ಕೈಯಿಂದ ಕಾಯಿ ಕಸಿದುಕೊಂಡು, ಉರಿಯುವ ಕರ್ಪೂರವನ್ನು ಅಂಗೈಯಿಂದ ಗಪ್ಪನೆ ಮುಚ್ಚಿ ಹಿಡಿದು, ರಸ್ತೆ ದಾಟಿ ಆಚೆಯ ಕಟ್ಟೆಯವರೆಗೆ ಓಡಿದ. ಚರ್ಮ ಸುಟ್ಟಿತು. ಕೈ ಮಾತ್ರ ಬಿಡಲಿಲ್ಲ.

"ಅಯ್ಯ ಅಯ್ಯ, ಅಪಶಕುನ ಮಾಡಿದ್ಯಲ್ಲೋ!" ಎಂದು ಚನ್ನಬಸವ್ವ ಚೀರಿದಳು. ಅಪ್ಪಾಸಾಹೇಬ ಓಡಿ ಬಂದು ಅವನ ಕೊರಳಪಟ್ಟಿ ಹಿಡಿದ. "ತಲಿ ಕೆಟ್ಟದೇನು ನಿನಗ?"

"ಸಾವ್ಕಾರ್ರ… ಮೊದಲು ಎಂಜಿನ್ ಬಂದ್ ಮಾಡ್ರಿ. ತಂಗೀನ ಇಳಸ್ರಿ. ಪೆಟ್ರೋಲ್ ಸೋರಾಕತ್ತದ."

ಹೆಂಗಸರಿಬ್ಬರನ್ನೂ ದೂರದ ಕಟ್ಟೆಯ ಮೇಲೆ ಕೂಡಿಸಿ ಬಂದು ಬಾನೆಟ್ ಎತ್ತಿದರೆ, ಪಂಪಿನ ಬದಿಯೆಲ್ಲ ಒದ್ದೆ. ಪೈಪಿನ ತುದಿ ಅರ್ಧ ಇಂಚು ಜಾರಿತ್ತು. ಹನಿಯೊಂದು ತುದಿಯಲ್ಲಿ ದಪ್ಪಗಾಗಿ, ತೂಗಿ, ಎಕ್ಝಾಸ್ಟಿನ ಪಕ್ಕಕ್ಕೆ ಕಳಚಿ ಬಿತ್ತು. ಅಪ್ಪಾಸಾಹೇಬ ಅದನ್ನು ನೋಡಿದ, ರಸ್ತೆಯಾಚೆ ಇಟ್ಟಿದ್ದ ಕಾಯಿಯನ್ನು ನೋಡಿದ, ಕಟ್ಟೆಯ ಮೇಲಿನ ಸೊಸೆಯನ್ನು ನೋಡಿದ.

"ನಾ ಹೇಳಿದ್ನಲ್ರಿ" ಎಂದಳು ಶೈಲಾ, ಅಲ್ಲಿಂದಲೇ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಫಕೀರಪ್ಪನನ್ನು ಹೆಚ್ಚು ಸುಟ್ಟಿತು.

ಎಂಜಿನ್ ಆರುವವರೆಗೆ ಕಾದರು. ಸುಟ್ಟ ಕೈಗೆ ಅರಿವೆ ಸುತ್ತಿಕೊಂಡೇ ಅವನು ಕ್ಲಾಂಪು ಬಿಗಿದ. ಪೈಪು ಎಕ್ಝಾಸ್ಟಿನ ಕಡೆ ಜೋತಿದ್ದನ್ನೂ ಕಂಡು, ಅದನ್ನು ಮೇಲಕ್ಕೆ ಸರಿಸಿ ಇನ್ನೊಂದು ಕ್ಲಿಪ್ಪಿನಲ್ಲಿ ಕಟ್ಟಿದ. ಒದ್ದೆ ಒರೆಸಿದ, ಗಾಳಿಗೆ ಬಿಟ್ಟ. ಗಾಡಿ ಚಾಲೂ ಮಾಡಿ, ಬೆರಳಾಡಿಸಿ ನೋಡಿದ. ಒಣಗಿತ್ತು. ಬೆಳಿಗ್ಗೆಯೂ ಹೀಗೆಯೇ ಒಣಗಿತ್ತಲ್ಲ. ಎಂಜಿನ್ ಆರಿಸಿ ಅವನು ಕಟ್ಟೆಯ ಕಡೆ ನಡೆದ.

"ತಂಗೀ, ದೂರಿಂದ ಒಂದೊಂದ ಹೆಜ್ಜಿ ಬರ್ರಿ. ವಾಸನಿ ಬಂದಲ್ಲೆ ನಿಂದರ್ರಿ."

"ನೀವ ಮೂಸಿ ನೋಡ್ರಲ್ಲ."

ಫಕೀರಪ್ಪ ನೆಲ ನೋಡಿದ. "ನನಗ ವಾಸನಿ ಬರೂದಿಲ್ರಿ."

ಶೈಲಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಎದ್ದು ಬಂದಳು. ಹತ್ತು ಹೆಜ್ಜೆಗೆ ನಿಂತಳು. ಐದಕ್ಕೆ ನಿಂತಳು. ಅವನು ಅವಳ ಮುಖವನ್ನೇ ನೋಡುತ್ತಿದ್ದ, ಇಷ್ಟು ವರ್ಷ ಇಂದೂನ ಮುಖ ನೋಡಿದ ಹಾಗೆ. ಅವಳು ಬಾನೆಟ್ಟಿನ ಹತ್ತಿರ ಬಂದು ತಲೆ ಅಲ್ಲಾಡಿಸಿದಳು. "ಇಲ್ಲ. ಈಗ ಬರಾಂಗಿಲ್ಲ."

ಅಪ್ಪಾಸಾಹೇಬ ನಿಧಾನವಾಗಿ ಕೇಳಿದ. "ಎಷ್ಟ ದಿನದಿಂದ?"

"ನಾಕ ವರ್ಷ ಆತ್ರಿ."

"ಮತ್ತ ಉಳದ ಗಾಡಿಗೋಳು?"

ಅವನು ಬೈದಿದ್ದರೆ ಚೆನ್ನಾಗಿತ್ತು, ಹೊಡೆದಿದ್ದರೂ ಆಗುತ್ತಿತ್ತು. ಫಕೀರಪ್ಪ ಹೋಗಿ ರಸ್ತೆಯಲ್ಲಿ ಬಿದ್ದಿದ್ದ ಲೂನಾ ಎತ್ತಿದ. ಚನ್ನಬಸವ್ವ ಈ ಸಲ ಕರ್ಪೂರದ ಹೆಸರೆತ್ತಲಿಲ್ಲ. ಕಾಯಿಯನ್ನು ಹಾಗೇ ಗುಡಿಯ ಕಲ್ಲಿಗೆ ಒಡೆದಳು. ಹೊರಡುವಾಗ ಕಿಟಕಿಯಿಂದ ಕೈ ಚಾಚಿ ಕಡ್ಡಿಪೆಟ್ಟಿಗೆಯನ್ನು ಅವನ ಒಳ್ಳೆಯ ಕೈಯಲ್ಲಿ ಇಟ್ಟಳು. "ಇದು ನಿಂದಪಾ, ಇಟ್ಕೋ." ಫಿಯಾಟ್ ಸುರಂಗದೊಳಗೆ ಹೋಯಿತು.

ಘಾಟಿನ ಇಳಿಜಾರಿನಲ್ಲಿ ಲೂನಾ ತಾನಾಗಿಯೇ ಓಡುತ್ತಿತ್ತು. ಉಳಿದ ಗಾಡಿಗಳು. ಇಂದೂ ಇದ್ದ ದಿನಗಳ ಗಾಡಿಗಳನ್ನು ಅವಳು ನೋಡಿಕೊಂಡಿದ್ದಾಳೆ. ಇಲ್ಲದ ಈ ಒಂಬತ್ತು ದಿನದಲ್ಲಿ? ಬ್ರೇಕಿನದೊಂದು, ಕ್ಲಚ್ಚಿನದೆರಡು, ಅವಕ್ಕೆ ಭಯವಿಲ್ಲ. ಪೆಟ್ರೋಲಿನದು… ಮಂಗಳವಾರ. ಕಾಶಪ್ಪನ ರಿಕ್ಷಾ. ಟ್ಯಾಂಕಿನ ಪೈಪು ಬದಲಿಸಿ ಕೊಟ್ಟದ್ದು. ಕಾಶಪ್ಪ, ಬೀಡಿ ತುಟಿಯಿಂದ ಇಳಿಸದ ಕಾಶಪ್ಪ. ಕೊಂಢವಾದ ಕಡೆ ತಿರುಗುವಲ್ಲಿ ಅವನು ತಿರುಗಲಿಲ್ಲ. ನೆಟ್ಟಗೆ ಕಾಶಪ್ಪನ ರಿಕ್ಷಾ ನಿಲ್ಲುವ ಸ್ವಾರಗೇಟಿನ ದಾರಿ ಹಿಡಿದ.

ಬಸ್ ಸ್ಟ್ಯಾಂಡಿನೆದುರು ರಿಕ್ಷಾಗಳ ಸಾಲು. ಗದಗ, ವಿಜಾಪುರದ ಕಡೆಯ ಹತ್ತಾರು ಡ್ರೈವರುಗಳು, ಎಲ್ಲರೂ ಅವನ ಗಿರಾಕಿಗಳೇ. ಕಾಶಪ್ಪ ಹಿಂದಿನ ಎಂಜಿನ್ನಿನ ಮುಚ್ಚಳ ಎತ್ತಿ ಬಗ್ಗಿದ್ದ, ಬಾಯಲ್ಲಿ ಬೀಡಿ ಹೊಗೆಯಾಡುತ್ತಿತ್ತು.

"ಮಿಸ್ತ್ರಿ ಬಂದ ನೋಡ್ರಪಾ!" ಎಂದ ಒಬ್ಬ.

ಫಕೀರಪ್ಪ ಬೀಡಿಯನ್ನು ಕಾಶಪ್ಪನ ತುಟಿಯಿಂದಲೇ ಕಿತ್ತು ದೂರ ಎಸೆದು ತುಳಿದ. ಎಲ್ಲರೂ ಸುತ್ತ ನೆರೆದರು.

"ಕಾಶಪ್ಪ, ಮುಚ್ಚಳದ ಹಂತ್ಯಾಕ ಬಗ್ಗಿ ಮೂಸಿ ಹೇಳು, ಪೆಟ್ರೋಲ್ ವಾಸನಿ ಬರತದೇನು?"

"ನೀನ ಮೂಸ್ಲಾ, ಮಿಸ್ತ್ರಿ ನೀನೋ ನಾನೋ?"

"ನನಗ ಬರೂದಿಲ್ಲೋ" ಎಂದ ಫಕೀರಪ್ಪ, ಎಲ್ಲರಿಗೂ ಕೇಳುವ ಹಾಗೆ. "ನಾಕ ವರ್ಷ ಆತು. ನೀ ಮೂಸಿ ಹೇಳು."

ಕಾಶಪ್ಪ ಬಗ್ಗಿದ. ಫಕೀರಪ್ಪ ಅವನ ಮುಖವನ್ನೇ ನೋಡುತ್ತ ನಿಂತ.